ಸಿಯಾಟಲ್‌ನ ಆ ತೇಪೆ ಕೋಟಿನ ಜೋಕರ್ ಯಾರು? ಊರಿಗೊಬ್ಬ ಟಿವಿ ಮಾಮ ಇದ್ದ ಕಾಲ

ಪ್ರಶ್ನೆ: ಮಗನ ಮನೆಗೆಂದು ಸಿಯಾಟಲ್‌ಗೆ ಬಂದಿದ್ದೇನೆ. ಫ್ರೀಮಾಂಟ್ ಬಡಾವಣೆಯಲ್ಲಿ ವಾಕಿಂಗ್ ಹೋದಾಗ ಕೈ ಕೈ ಕೊಕ್ಕೆ ಹಾಕಿಕೊಂಡು ಆ ಕಡೆ ಒಬ್ಬರು ಈ ಕಡೆ ಒಬ್ಬರು ಎಳೆದಾಡುತ್ತಿರುವ ಇಬ್ಬರು ಜೋಕರ್‌ಗಳ ಪ್ರತಿಮೆ ನೋಡಿದೆ. ಪಕ್ಕದ ಮನೆಯವರನ್ನು ಕೇಳಿದರೆ, ಎಪ್ಪತ್ತರ ಹತ್ತಿರ ಇರುವ ಆ ಮನುಷ್ಯ ಅದರ ಬಗ್ಗೆ ಹೇಳುತ್ತಾ ಹೇಳುತ್ತಾ ಕಣ್ಣೊರೆಸಿಕೊಂಡರು. ಅವರ ಹೆಂಡತಿ ಶಿಕಾಗೋ ಕಡೆಯವರು, ಅವರಿಗೆ ಈ ಜೋಕರ್ ಗೊತ್ತೇ ಇಲ್ಲ, ಅವರೂರಿನ ಜೋಕರ್ ಬೇರೆಯಂತೆ. ಒಂದೇ ದೇಶದ ಟಿವಿಯಲ್ಲಿ ಊರಿಗೊಬ್ಬ ಜೋಕರ್ ಯಾಕೆ? ಈಗ ಯಾಕೆ ಯಾರೂ ಇಲ್ಲ?

ಉತ್ತರ: ನೀವು ನೋಡಿದ್ದು ಜೆ.ಪಿ. ಪ್ಯಾಚಸ್ ಮತ್ತು ಗರ್ಟ್ರೂಡ್. ಆ ಪ್ರತಿಮೆಯನ್ನು 2008ರಲ್ಲಿ ನಿಲ್ಲಿಸಿದರು. ಜೆ.ಪಿ. ವೇಷ ಹಾಕುತ್ತಿದ್ದವರು ಕ್ರಿಸ್ ವೀಡಸ್ ಅಂತ. ಅಲ್ಲಿನ ಕೈರೋ ಟಿವಿ, ಅಂದರೆ ಚಾನೆಲ್ 7, 1958ರ ಫೆಬ್ರವರಿಯಲ್ಲಿ ಶುರುವಾಯಿತು. ಶುರುವಾದ ವಾರದಲ್ಲೇ ಈ ಕಾರ್ಯಕ್ರಮವೂ ಶುರುವಾಗಿ 1981ರವರೆಗೆ ನಡೆಯಿತು. ಕತೆ ಇಷ್ಟೇ. ಊರ ಹೊರಗಿನ ತಿಪ್ಪೆಯಲ್ಲಿ ಒಂದು ಗುಡಿಸಲು, ಅದರಲ್ಲಿ ಒಬ್ಬ ಜೋಕರ್, ಅವನೇ ಆ ತಿಪ್ಪೆಯ ಮೇಯರ್. ಗುಡಿಸಲಿಗೆ ಯಾರಾದರೂ ಬರುತ್ತಾರೆ, ಏನಾದರೂ ಎಡವಟ್ಟಾಗುತ್ತದೆ, ನಡುವೆ ಕಾರ್ಟೂನ್ ಹಾಕುತ್ತಾರೆ. ಗರ್ಟ್ರೂಡ್ ಅಂದರೆ ಅವನ ಗೆಳತಿ. ಆ ಪಾತ್ರ ಮಾಡಿದ್ದು ಬಾಬ್ ನ್ಯೂಮನ್ ಅನ್ನುವ ಗಂಡಸು. ಲಂಗ ತೊಟ್ಟು, ನೆಲ ಒರೆಸುವ ಮಾಪಿನಂಥ ಕೂದಲು ಇಟ್ಟುಕೊಂಡು, ಒಡಕು ದನಿಯಲ್ಲಿ ಮಾತಾಡುತ್ತಾ ಬರುತ್ತಿದ್ದರು. ಬರೆದ ಸ್ಕ್ರಿಪ್ಟ್ ಇರಲಿಲ್ಲ. ಎಲ್ಲವೂ ಲೈವ್. ಕ್ಯಾಮೆರಾ ಹಿಂದೆ ನಿಂತವರು ಬಿದ್ದು ಬಿದ್ದು ನಗುವುದು ಮನೆಯಲ್ಲಿ ಕೂತ ಮಕ್ಕಳಿಗೂ ಕೇಳುತ್ತಿತ್ತು.

ನಿಮ್ಮ ಪಕ್ಕದ ಮನೆಯವರ ಕಣ್ಣಲ್ಲಿ ನೀರು ಯಾಕೆ ಬಂತು ಅಂತ ಊಹಿಸಬಲ್ಲೆ. ಜೆ.ಪಿ. ಹತ್ತಿರ ಒಂದು ಸುಳ್ಳು ಟಿವಿ ಪೆಟ್ಟಿಗೆ ಇತ್ತು. ಅದರ ಹೆಸರು ‘ಐಸಿಯುಟೂಟಿವಿ’, ನಾನೂ ನಿನ್ನನ್ನು ನೋಡುತ್ತಿದ್ದೇನೆ ಅಂತ ಅರ್ಥ. ಅದರ ಚೌಕಟ್ಟಿನ ಹಿಂದಿನಿಂದ ಅವರು ಕ್ಯಾಮೆರಾ ಕಡೆ ಇಣುಕಿ, ಆ ದಿನ ಹುಟ್ಟುಹಬ್ಬ ಇರುವ ಮಗುವನ್ನು ಹೆಸರು ಹಿಡಿದು ಕರೆದು, ನಿನ್ನ ಉಡುಗೊರೆ ಬಟ್ಟೆ ಒಣಗಿಸುವ ಮೆಷಿನ್ ಒಳಗಿದೆ ನೋಡು ಅನ್ನುತ್ತಿದ್ದರು. ಮಗು ಓಡಿಹೋಗಿ ಬಾಗಿಲು ತೆಗೆದರೆ ನಿಜವಾಗಲೂ ಉಡುಗೊರೆ ಅಲ್ಲೇ ಇರುತ್ತಿತ್ತು! ಅಪ್ಪ ಅಮ್ಮ ಮೊದಲೇ ಟಿವಿ ಸ್ಟೇಷನ್‌ಗೆ ಬರೆದು ತಿಳಿಸಿರುತ್ತಿದ್ದರು, ಅಷ್ಟೇ. ಆದರೆ ಐದು ವರ್ಷದ ಮಗುವಿಗೆ ಅದು ಹೇಗೆ ಗೊತ್ತಾಗಬೇಕು? ಟಿವಿಯೊಳಗಿನ ಮನುಷ್ಯ ನನ್ನನ್ನು ನೋಡಿದ, ನನ್ನ ಹೆಸರು ಕರೆದ, ನಮ್ಮ ಮನೆಯ ಮೆಷಿನ್ ಎಲ್ಲಿದೆ ಅಂತ ಅವನಿಗೆ ಗೊತ್ತು. ನಾನು ಟಿವಿ ಇತಿಹಾಸ ಓದಲು ಶುರು ಮಾಡಿದ ಮೇಲೆ ಓದಿದ್ದರಲ್ಲೆಲ್ಲ ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದದ್ದು ಇದೇ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ, ಊರಿಗೊಬ್ಬ ಯಾಕೆ ಅಂತ.

ನಮ್ಮಲ್ಲಿ ಟಿವಿ ಸರ್ಕಾರದಿಂದ ಬಂತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಿದ್ದೇ 1981ರಲ್ಲಿ, ಜೆ.ಪಿ. ಪ್ಯಾಚಸ್ ನಿಂತ ವರ್ಷ. ಹಾಗಾಗಿ ಟಿವಿ ಅಂದರೆ ಎಲ್ಲರಿಗೂ ಒಂದೇ ಅಂತ ನಮಗೆ ಅಭ್ಯಾಸ. ಅಮೆರಿಕದಲ್ಲಿ ಆಗ ಲೈಸೆನ್ಸ್ ಸಿಗುತ್ತಿದ್ದದ್ದು ಊರಿನ ಲೆಕ್ಕದಲ್ಲಿ, ಒಂದೊಂದು ಸ್ಟೇಷನ್‌ಗೂ ಬೇರೆ ಬೇರೆಯಾಗಿ. ನೆಟ್‌ವರ್ಕ್‌ಗಳು, ಅಂದರೆ ದೇಶಕ್ಕೆಲ್ಲ ಕಾರ್ಯಕ್ರಮ ಕಳಿಸುವ ಕಂಪನಿಗಳು, ರಾತ್ರಿ ಹೊತ್ತಿನ ದೊಡ್ಡ ಕಾರ್ಯಕ್ರಮಗಳನ್ನು ಕಳಿಸುತ್ತಿದ್ದವು, ಹಗಲಲ್ಲಿ ಉಳಿದ ಎಷ್ಟೋ ಗಂಟೆಗಳನ್ನು ಸ್ಟೇಷನ್‌ನವರೇ ತುಂಬಿಸಬೇಕಿತ್ತು. 1948ರಿಂದ 1952ರವರೆಗೆ ಸರ್ಕಾರದ ಪ್ರಸಾರ ಸಂಸ್ಥೆ ಎಫ್‌ಸಿಸಿ ಹೊಸ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿತ್ತು. ಅದು ಮತ್ತೆ ಶುರುವಾದದ್ದೇ ತಡ, ಸಣ್ಣ ಪುಟ್ಟ ಊರುಗಳಲ್ಲೂ ಸ್ಟೇಷನ್‌ಗಳು ಎದ್ದವು. 1950ರಲ್ಲಿ ನೂರಕ್ಕೆ ಒಂಬತ್ತು ಮನೆಯಲ್ಲಿ ಟಿವಿ ಇದ್ದರೆ 1960ರ ಹೊತ್ತಿಗೆ ಅದು ಎಂಬತ್ತೇಳಾಗಿತ್ತು. ಯುದ್ಧ ಮುಗಿದ ಮೇಲೆ ಹುಟ್ಟಿದ ಮಕ್ಕಳು ಮನೆ ತುಂಬ. ಬೆಳಗ್ಗೆ ಸ್ಕೂಲಿಗೆ ಹೋಗುವ ಮುಂಚೆ, ಮಧ್ಯಾಹ್ನ ಊಟದ ಹೊತ್ತು, ಸಂಜೆ ಸ್ಕೂಲು ಬಿಟ್ಟ ಮೇಲೆ, ಈ ಮೂರೂ ಹೊತ್ತು ಖಾಲಿ ಬಿದ್ದಿದ್ದವು.

ತುಂಬಿಸುವುದಕ್ಕೆ ಏನಿತ್ತು? ಸಿನಿಮಾ ಥಿಯೇಟರ್‌ಗಳಿಗೆಂದು 1930ರ, 40ರ ದಶಕಗಳಲ್ಲಿ ಮಾಡಿದ್ದ ಸಣ್ಣ ಸಣ್ಣ ಚಿತ್ರಗಳು ಗೋದಾಮಿನಲ್ಲಿ ಸುಮ್ನೆ ಬಿದ್ದಿದ್ದವು. ಅವು ಒಂದೊಂದಾಗಿ ಟಿವಿಗೆ ಬಂದವು. 1956ರಲ್ಲಿ ಅಸೋಸಿಯೇಟೆಡ್ ಆರ್ಟಿಸ್ಟ್ಸ್ ಪ್ರೊಡಕ್ಷನ್ಸ್ ಅನ್ನುವ ಕಂಪನಿ ಪಾಪಾಯ್ ಅನ್ನುವ ನಾವಿಕನ ಇನ್ನೂರಕ್ಕೂ ಹೆಚ್ಚು ಕಾರ್ಟೂನ್‌ಗಳನ್ನೂ ವಾರ್ನರ್ ಬ್ರದರ್ಸ್‌ನ ಹಳೆಯ ಕಾರ್ಟೂನ್‌ಗಳನ್ನೂ ಊರೂರಿನ ಸ್ಟೇಷನ್‌ಗಳಿಗೆ ಮಾರಲು ತೆಗೆಯಿತು. 1958ರಲ್ಲಿ ತ್ರೀ ಸ್ಟೂಜಸ್ ಅನ್ನುವ ಮೂವರು ಹಾಸ್ಯಗಾರರ ಕಾಮಿಡಿಗಳು ಬಂದವು. ಸ್ಟೇಷನ್‌ನವರಿಗೆ ಇದು ಹಬ್ಬ. ಆದರೆ ಒಂದು ಕಾರ್ಟೂನ್ ಏಳು ನಿಮಿಷಕ್ಕೆ ಮುಗಿದುಹೋಗುತ್ತದೆ. ಒಂದರಿಂದ ಇನ್ನೊಂದಕ್ಕೆ ಮಕ್ಕಳನ್ನು ಕೈ ಹಿಡಿದು ದಾಟಿಸಲು ಯಾರಾದರೂ ಬೇಕಲ್ವಾ? ಅದಕ್ಕೆ ಸ್ಟೇಷನ್‌ನಲ್ಲೇ ಇದ್ದ ಅನೌನ್ಸರ್‌ಗೊಂದು ಟೋಪಿ ಹಾಕಿದರು.

ಯಾವ ಟೋಪಿ ಅನ್ನುವುದು ಕೊಂಡ ಚಿತ್ರಗಳ ಮೇಲೆ ಹೋಗುತ್ತಿತ್ತು. ಪಾಪಾಯ್ ಇದ್ದರೆ ಹಡಗಿನವನ ವೇಷ. ಲಾಸ್ ಏಂಜಲೀಸ್‌ನಲ್ಲಿ ಟಾಮ್ ಹ್ಯಾಟನ್ ನಾವಿಕನ ಬಟ್ಟೆ ಹಾಕಿಕೊಂಡು ಪಾಪಾಯ್ ತೋರಿಸುತ್ತಿದ್ದರು, ನಡುನಡುವೆ ಮಕ್ಕಳು ಕೊಟ್ಟ ಅಡ್ಡಾದಿಡ್ಡಿ ಗೆರೆಯನ್ನು ಒಂದು ಚಿತ್ರವಾಗಿ ಬೆಳೆಸುತ್ತಿದ್ದರು. ಸ್ಟೂಜಸ್‌ನಲ್ಲಿ ಹೊಡೆದಾಟ ಜಾಸ್ತಿ. ಹಾಗಾಗಿ ನ್ಯೂಯಾರ್ಕ್‌ನ ಜೋ ಬೋಲ್ಟನ್ ಪೊಲೀಸ್ ಯೂನಿಫಾರಂನಲ್ಲಿ ನಿಂತು, ಮನೆಯಲ್ಲಿ ಹೀಗೆಲ್ಲ ಮಾಡಬೇಡಿ ಮಕ್ಕಳೇ ಅಂತ ಬುದ್ಧಿ ಹೇಳುತ್ತಿದ್ದರು. ಕೌಬಾಯ್ ಚಿತ್ರ ಇದ್ದರೆ ಶೆರೀಫ್. ರಷ್ಯಾದ ಸ್ಪುಟ್ನಿಕ್ ಹಾರಿದ ಮೇಲಂತೂ ಊರೂರಲ್ಲೂ ಬಾಹ್ಯಾಕಾಶದ ಕ್ಯಾಪ್ಟನ್‌ಗಳು ಕಾಣಿಸಿಕೊಂಡರು.

ಸ್ಟುಡಿಯೋ ಒಳಗೆ ಕೆಲಸ ಹೇಗೆ ನಡೆಯುತ್ತಿತ್ತು ಅಂದರೆ, ಒಂದು ಮೂಲೆಯಲ್ಲಿ ಹಲಗೆ ಬಡಿದು ಮಾಡಿದ ಸೆಟ್, ಎದುರಿಗೆ ಒಂದೆರಡು ಕ್ಯಾಮೆರಾ, ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾದ ಬೆಂಚು, ಅದರ ಮೇಲೆ ಹುಟ್ಟುಹಬ್ಬದ ಮಕ್ಕಳೋ ಸ್ಕೌಟ್ ಮಕ್ಕಳೋ. ಬೇರೆ ಕೋಣೆಯಲ್ಲಿ ಪ್ರೊಜೆಕ್ಟರ್‌ನಿಂದ 16 ಎಂಎಂ ಫಿಲ್ಮ್ ಓಡುತ್ತಿರುತ್ತದೆ. ಆ ಏಳು ನಿಮಿಷದಲ್ಲೇ ನಿರೂಪಕರು ಅಳುವ ಮಗುವನ್ನು ಸಮಾಧಾನ ಮಾಡಬೇಕು, ಮುಂದಿನ ಜಾಹೀರಾತಿನ ಬ್ರೆಡ್ ಪ್ಯಾಕೆಟ್ ಮೇಜಿನ ಮೇಲೆ ಇಡಬೇಕು, ಬಂದ ಕಾಗದಗಳಿಂದ ನಾಲ್ಕು ಆರಿಸಬೇಕು. ಆಮೇಲೆ ಕ್ಯಾಮೆರಾದ ಕೆಂಪು ದೀಪ ಹತ್ತುತ್ತದೆ. ಇದು ವಾರಕ್ಕೆ ಐದು ದಿನ, ಕೆಲವರಿಗೆ ದಿನಕ್ಕೆ ಎರಡು ಸಲ. ವೇಷ ಕಳಚಿ ಅದೇ ಮನುಷ್ಯ ಬೇರೆ ಕೆಲಸಕ್ಕೂ ನಿಲ್ಲಬೇಕಿತ್ತು. ಸೌತ್ ಡಕೋಟಾದ ಸೂ ಫಾಲ್ಸ್‌ನಲ್ಲಿ ಡೇವ್ ಡೆಡ್ರಿಕ್ ಮಕ್ಕಳಿಗೆ ಕ್ಯಾಪ್ಟನ್ 11, ದೊಡ್ಡವರಿಗೆ ಹವಾಮಾನ ವರದಿ ಹೇಳುವವರು. ಅವರು ಕ್ಯಾಪ್ಟನ್ ಆಗಿದ್ದದ್ದು 1955ರಿಂದ 1996ರವರೆಗೆ, ನಲವತ್ತೊಂದು ವರ್ಷ! ಅಜ್ಜಿಯೂ ಮೊಮ್ಮಗುವೂ ಒಬ್ಬನೇ ಕ್ಯಾಪ್ಟನ್ನನ ಮುಂದೆ ಕೂತು ಬೆಳೆಯುವಷ್ಟು ಕಾಲ.

ಲಾಸ್ ಏಂಜಲೀಸ್‌ನ ಬಿಲ್ ಸ್ಟುಲ್ಲಾ ಅವರ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅವರು ರೈಲಿನ ‘ಎಂಜಿನಿಯರ್ ಬಿಲ್’. ಮಕ್ಕಳು ಮನೆಯಲ್ಲಿ ಹಾಲಿನ ಲೋಟ ಹಿಡಿದು ಕೂರಬೇಕು. ಹಸಿರು ದೀಪ ಅಂದಾಗ ಕುಡಿಯಬೇಕು, ಕೆಂಪು ದೀಪ ಅಂದ ಕೂಡಲೇ ನಿಲ್ಲಿಸಬೇಕು. ಅವರೂ ಲೋಟ ಹಿಡಿದು ಆಡುತ್ತಿದ್ದರು. ಹಾಲು ಕುಡಿಸುವುದಕ್ಕೆ ಅಮ್ಮಂದಿರು ಪಡುವ ಪಾಡು ಯಾವ ದೇಶದಲ್ಲಾದರೂ ಒಂದೇ ಅಲ್ವಾ, ಆ ಪಾಡನ್ನು ಆಟ ಮಾಡಿದ ಮನುಷ್ಯ ಅವರು. ಅದೇ ಊರಿನ ಶೆರೀಫ್ ಜಾನ್, ಅಂದರೆ ಜಾನ್ ರೋವಿಕ್, ಪ್ರತಿದಿನ ಒಂದು ಕೇಕ್ ತಂದಿಟ್ಟು ಹುಟ್ಟುಹಬ್ಬದ ಹೆಸರುಗಳನ್ನು ಓದುತ್ತಿದ್ದರು. ಹೆಸರು ಕರೆಯುವುದು ಇಲ್ಲೂ ಬಂತು ನೋಡಿ.

ಇನ್ನು ನಿಮ್ಮ ಪಕ್ಕದ ಮನೆಯ ಶಿಕಾಗೋದವರು ಹೇಳಿದ ಜೋಕರ್ ಬೋಜೋ ಇರಬೇಕು. ಬೋಜೋ ಕತೆ ಸ್ವಲ್ಪ ಬೇರೆ. ಅವನು ಮೊದಲು ಹುಟ್ಟಿದ್ದು ಟಿವಿಯಲ್ಲಿ ಅಲ್ಲ. 1946ರಲ್ಲಿ ಕ್ಯಾಪಿಟಲ್ ರೆಕಾರ್ಡ್ಸ್‌ನ ಅಲನ್ ಲಿವಿಂಗ್ಸ್ಟನ್ ಮಕ್ಕಳ ಗ್ರಾಮಫೋನ್ ಪ್ಲೇಟಿಗಾಗಿ ಆ ಪಾತ್ರ ಮಾಡಿದರು. 50ರ ದಶಕದ ಕೊನೆಯ ಹೊತ್ತಿಗೆ ಲ್ಯಾರಿ ಹಾರ್ಮನ್ ಅದರ ಹಕ್ಕು ಕೊಂಡು, ವೇಷವನ್ನೂ ಹೆಸರನ್ನೂ ಊರೂರಿನ ಸ್ಟೇಷನ್‌ಗಳಿಗೆ ಬಾಡಿಗೆಗೆ ಕೊಟ್ಟರು. ಈಗಿನ ಫ್ರಾಂಚೈಸಿ ಹೋಟೆಲ್‌ಗಳ ಹಾಗೆ. ಒಂದೇ ಕೆಂಪು ಕೂದಲು, ಒಂದೇ ಮೂಗು, ಒಳಗಿನ ಮನುಷ್ಯ ಮಾತ್ರ ಊರಿಗೊಬ್ಬ. ಶಿಕಾಗೋದ ಡಬ್ಲ್ಯುಜಿಎನ್‌ನಲ್ಲಿ ಬಾಬ್ ಬೆಲ್ 1960ರಿಂದ 1984ರವರೆಗೆ ಬೋಜೋ. ಆರು ಬಕೆಟ್ ಸಾಲಾಗಿ ಇಟ್ಟು ಪಿಂಗ್‌ಪಾಂಗ್ ಚೆಂಡು ಎಸೆಯುವ ಆಟ ಅಲ್ಲಿ ಬಹಳ ಪ್ರಸಿದ್ಧ. ಸ್ಟುಡಿಯೋಗೆ ಹೋಗುವ ಟಿಕೆಟ್‌ಗೆ ಜನ ವರ್ಷಗಟ್ಟಲೆ ಕಾಯುತ್ತಿದ್ದರು. ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ಬೋಜೋ ಆಗಿದ್ದವರು ವಿಲ್ಲರ್ಡ್ ಸ್ಕಾಟ್. ಅವರೇ 1963ರಲ್ಲಿ ಮೆಕ್‌ಡೊನಾಲ್ಡ್ಸ್‌ಗೆ ಮೊದಲ ರೊನಾಲ್ಡ್ ಮೆಕ್‌ಡೊನಾಲ್ಡ್ ವೇಷ ಹಾಕಿದರು. ಆ ಜೋಕರ್ ಇಡೀ ಜಗತ್ತಿಗೆ ಗೊತ್ತು, ಅವನ ಬೇರು ಇಲ್ಲಿದೆ.

ಇದೇ ದಾರಿ ಹಿಡಿದ ಇನ್ನೊಂದು ಕಾರ್ಯಕ್ರಮ ರಾಂಪರ್ ರೂಮ್. 1953ರಲ್ಲಿ ಬಾಲ್ಟಿಮೋರ್‌ನಲ್ಲಿ ನ್ಯಾನ್ಸಿ ಮತ್ತು ಬರ್ಟ್ ಕ್ಲಾಸ್ಟರ್ ದಂಪತಿ ಶುರು ಮಾಡಿದ ಟಿವಿ ಶಿಶುವಿಹಾರ. ಊರೂರಿಗೂ ಒಬ್ಬೊಬ್ಬ ಟೀಚರ್. ಎಲ್ಲರೂ ‘ಮಿಸ್’ ಅಂತ ಶುರುವಾಗುವ ಹೆಸರಿನವರು. ಕಾರ್ಯಕ್ರಮ ಮುಗಿಯುವಾಗ ಟೀಚರ್ ಗಾಜಿಲ್ಲದ ಒಂದು ‘ಮಾಯಾ ಕನ್ನಡಿ’ ಎತ್ತಿ ಹಿಡಿದು, ಅದರ ಮೂಲಕ ಇಣುಕಿ, ನನಗೆ ಇಂಥವರು ಕಾಣುತ್ತಿದ್ದಾರೆ ಅಂತ ಹೆಸರುಗಳನ್ನು ಹೇಳುತ್ತಿದ್ದರು. ತಮ್ಮ ಹೆಸರು ಬರಲೇ ಇಲ್ಲ ಅಂತ ಐವತ್ತು ವರ್ಷ ಆದಮೇಲೂ ನೊಂದುಕೊಳ್ಳುವವರಿದ್ದಾರೆ.

ಎಲ್ಲರನ್ನೂ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಫೀನಿಕ್ಸ್‌ನಲ್ಲಿ ವಾಲೆಸ್ ಮತ್ತು ಲ್ಯಾಡ್ಮೋ ಜೋಡಿ 1954ರಿಂದ 1989ರವರೆಗೆ ನಡೆಸಿದರು, ಅವರು ಕೊಡುತ್ತಿದ್ದ ತಿಂಡಿ ತುಂಬಿದ ‘ಲ್ಯಾಡ್ಮೋ ಬ್ಯಾಗ್’ ಕೈಗೆ ಸಿಕ್ಕವರು ಮುದುಕರಾದರೂ ಅದನ್ನು ಮರೆತಿಲ್ಲ. ಫಿಲಡೆಲ್ಫಿಯಾದಲ್ಲಿ ಕೌಗರ್ಲ್ ವೇಷದ ಸ್ಯಾಲಿ ಸ್ಟಾರ್ ಇದ್ದರು, ಗಂಡಸರೇ ತುಂಬಿದ್ದ ಈ ಕೆಲಸದಲ್ಲಿ ಹೆಸರು ಮಾಡಿದ ಹೆಂಗಸು. ಅದೇ ಊರಿನಲ್ಲಿ ಚೀಫ್ ಹಾಫ್‌ಟೌನ್ ಇದ್ದರು. ಅವರು ನಿಜವಾಗಲೂ ಸೆನೆಕಾ ಬುಡಕಟ್ಟಿನವರು. ಸಿನಿಮಾದಲ್ಲಿ ಮೂಲನಿವಾಸಿಗಳೆಲ್ಲ ಕೊಲೆಗಾರರಂತೆ ಕಾಣುತ್ತಿದ್ದ ಕಾಲದಲ್ಲಿ, ಒಬ್ಬ ಮೂಲನಿವಾಸಿ ಪ್ರತಿದಿನ ಮನೆಯೊಳಗೆ ಬಂದು ಮಕ್ಕಳ ಜೊತೆ ಪ್ರೀತಿಯಿಂದ ಮಾತಾಡಿದ್ದು ಸಣ್ಣ ವಿಷಯ ಅಲ್ಲ ಅಂತ ನನಗನ್ನಿಸುತ್ತದೆ.

ಇಷ್ಟು ಚೆನ್ನಾಗಿದ್ದದ್ದು ನಿಂತಿತೇಕೆ? ದುಡ್ಡಿನ ವಿಷಯಕ್ಕೆ ಬರದೆ ಇದಕ್ಕೆ ಉತ್ತರ ಇಲ್ಲ.

ಈ ಕಾರ್ಯಕ್ರಮಗಳು ಹುಟ್ಟಿದ್ದೇ ಜಾಹೀರಾತಿನಿಂದ. ಊರಿನ ಡೇರಿ, ಊರಿನ ಬೇಕರಿ, ಆಟಿಕೆ ಅಂಗಡಿ, ಇವರೇ ಖರ್ಚು ಕೊಡುತ್ತಿದ್ದವರು. ಜಾಹೀರಾತನ್ನು ಓದುತ್ತಿದ್ದದ್ದು ಬೇರೆ ಯಾರೋ ಅಲ್ಲ, ಅದೇ ಕ್ಯಾಪ್ಟನ್, ಅದೇ ಜೋಕರ್. ಡೆಟ್ರಾಯಿಟ್‌ನಲ್ಲಿ ಮಿಲ್ಕಿ ಅಂತ ಒಬ್ಬ ಬಿಳಿ ವೇಷದ ಜಾದೂಗಾರ ಜೋಕರ್ ಇದ್ದ. ಟ್ವಿನ್ ಪೈನ್ಸ್ ಅನ್ನುವ ಡೇರಿಯದು ಪ್ರಾಯೋಜಕತ್ವ. ಅವನು ಜಾದೂ ಮಾಡುವಾಗ ಮಕ್ಕಳೆಲ್ಲ ಕೂಗಬೇಕಾದ ಮಂತ್ರವೇ ‘ಟ್ವಿನ್ ಪೈನ್ಸ್’! ನೀವೇ ಯೋಚನೆ ಮಾಡಿ. ನಿನ್ನೆ ನನ್ನ ಹೆಸರು ಕರೆದವನು, ನನ್ನ ಉಡುಗೊರೆ ಎಲ್ಲಿದೆ ಅಂತ ಹೇಳಿದವನು, ಇವತ್ತು ಈ ಬಿಸ್ಕತ್ತು ತಿನ್ನು ಅಂದರೆ ಮಗು ಬೇಡ ಅನ್ನುತ್ತದಾ? ಅಮ್ಮನ ಮಾತಿಗಿಂತ ಅವನ ಮಾತೇ ಜಾಸ್ತಿ ನಡೆಯುತ್ತಿತ್ತು.

ಆ ನಂಬಿಕೆ ಎಷ್ಟು ಗಟ್ಟಿ ಇತ್ತು ಅನ್ನುವುದಕ್ಕೆ ಸೂಪಿ ಸೇಲ್ಸ್ ಪ್ರಸಂಗ ನೋಡಿ. ಡೆಟ್ರಾಯಿಟ್‌ನಲ್ಲಿ ಮಕ್ಕಳ ಜೊತೆ ಟಿವಿಯಲ್ಲೇ ಮಧ್ಯಾಹ್ನದ ಊಟ ಮಾಡುತ್ತಾ ಹೆಸರಾದವರು, ಆಮೇಲೆ ನ್ಯೂಯಾರ್ಕ್‌ಗೆ ಬಂದರು. 1965ರ ಜನವರಿ 1. ಕಾರ್ಯಕ್ರಮದ ಕೊನೆಗೆ ಸ್ವಲ್ಪ ಸಮಯ ಉಳಿದಿತ್ತು. ಹೊಸ ವರ್ಷದ ರಾತ್ರಿ ಜಾಗರಣೆ ಮಾಡಿ ಅಪ್ಪ ಅಮ್ಮ ಇನ್ನೂ ಮಲಗಿರುತ್ತಾರೆ, ಮೆಲ್ಲಗೆ ಹೋಗಿ ಅವರ ಪರ್ಸಿನಲ್ಲಿರುವ ಗಡ್ಡದವರ ಚಿತ್ರದ ಹಸಿರು ಕಾಗದಗಳನ್ನು (ಅಂದರೆ ಡಾಲರ್ ನೋಟುಗಳನ್ನು) ತೆಗೆದು ನನಗೆ ಕಳಿಸಿ, ನಾನು ನಿಮಗೆ ಪೋರ್ಟೊರಿಕೊದಿಂದ ಪೋಸ್ಟ್‌ಕಾರ್ಡ್ ಬರೆಯುತ್ತೇನೆ ಅಂದುಬಿಟ್ಟರು. ತಮಾಷೆಗೆ ಹೇಳಿದ್ದು. ಮಕ್ಕಳು ನಿಜ ಅಂದುಕೊಂಡು ಕಳಿಸಿದರು. ದೂರು ಹೋಯಿತು, ಸ್ಟೇಷನ್ ಅವರನ್ನು ಸಸ್ಪೆಂಡ್ ಮಾಡಿತು. ಈ ಕತೆಯನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು, ಟಿವಿಯಲ್ಲಿರುವ ಮಾಮ ಹೇಳಿದ ಅಂತ ಎದ್ದು ಹೋದ ಆ ಮಗು.

ಇದನ್ನು ಗಂಭೀರವಾಗಿ ತೆಗೆದುಕೊಂಡವರು ಕೆಲವು ತಾಯಂದಿರು. 1968ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯೂಟನ್‌ನಲ್ಲಿ ಪೆಗ್ಗಿ ಚಾರೆನ್ ಮತ್ತು ಅವರ ಗೆಳತಿಯರು ಆ್ಯಕ್ಷನ್ ಫಾರ್ ಚಿಲ್ಡ್ರನ್ಸ್ ಟೆಲಿವಿಷನ್ ಅನ್ನುವ ಸಂಘ ಕಟ್ಟಿದರು. ಮೊದಮೊದಲು ಅವರ ಕಣ್ಣಿಗೆ ಬಿದ್ದದ್ದರಲ್ಲಿ ರಾಂಪರ್ ರೂಮ್ ಒಂದು. ಟೀಚರ್ ಪಾಠದ ನಡುವೆ ಆಡಿಸುವ ಆಟಿಕೆ, ಅಂಗಡಿಯಲ್ಲಿ ರಾಂಪರ್ ರೂಮ್ ಹೆಸರಲ್ಲೇ ಮಾರಾಟಕ್ಕೆ ಇರುತ್ತಿತ್ತು. ಟೀಚರೇ ಮಾರುವವರಾದರೆ ಮಗುವಿಗೆ ಪಾಠ ಯಾವುದು, ವ್ಯಾಪಾರ ಯಾವುದು ಗೊತ್ತಾಗುವುದು ಹೇಗೆ ಅಂತ ಅವರು ಕೇಳಿದರು. 1970ರಲ್ಲಿ ಎಫ್‌ಸಿಸಿ ಮುಂದೆ ಹೋದರು. ಒತ್ತಡ ಹೆಚ್ಚಿ, ಮಕ್ಕಳ ಕಾರ್ಯಕ್ರಮದ ನಿರೂಪಕರು ಸರಕು ಮಾರಬಾರದು ಅಂತ ಪ್ರಸಾರಕರ ಸಂಘದವರೇ 1973ರಿಂದ ನಿಯಮ ಮಾಡಿಕೊಂಡರು. 1974ರಲ್ಲಿ ಎಫ್‌ಸಿಸಿಯೂ ಅದನ್ನೇ ಹೇಳಿತು, ಕಾರ್ಯಕ್ರಮ ಬೇರೆ, ಜಾಹೀರಾತು ಬೇರೆ ಇರಬೇಕು ಅಂತ.

ಅಲ್ಲಿಗೆ ಅಡಿಪಾಯ ಹೋಯಿತು. ಕ್ಯಾಪ್ಟನ್ ಬಾಯಲ್ಲಿ ತಮ್ಮ ಸರಕಿನ ಹೆಸರು ಬರುವುದಿಲ್ಲ ಅಂದಮೇಲೆ ಊರಿನ ಡೇರಿಯವರು ದುಡ್ಡು ಯಾಕೆ ಕೊಡುತ್ತಾರೆ? ಅದೇ ಹೊತ್ತಿಗೆ ಕಲರ್ ಟಿವಿ ಬಂದು ಹಳೆಯ ಕಪ್ಪು ಬಿಳುಪು ಕಾರ್ಟೂನ್‌ಗಳು ಮಂಕಾಗಿ ಕಂಡವು. ಹಳೆಯ ಧಾರಾವಾಹಿಗಳನ್ನು, ಟಾಕ್ ಶೋಗಳನ್ನು ಕೊಂಡು ಸಂಜೆ ಹಾಕಿದರೆ ದೊಡ್ಡವರೂ ನೋಡುತ್ತಾರೆ, ಸೆಟ್ ಬೇಡ, ಸಂಬಳ ಬೇಡ. 1969ರಲ್ಲಿ ಆಟದ ಜೊತೆ ಅಕ್ಷರ, ಲೆಕ್ಕ ಕಲಿಸುವ ಸೆಸೇಮಿ ಸ್ಟ್ರೀಟ್ ಕಾರ್ಯಕ್ರಮ ಬಂದಮೇಲೆ ಅಪ್ಪ ಅಮ್ಮಂದಿರೂ ಮಕ್ಕಳ ಟಿವಿಯಿಂದ ಬೇರೆ ಏನನ್ನೋ ಬಯಸತೊಡಗಿದರು. 70ರ ದಶಕ ಮುಗಿಯುವುದರೊಳಗೆ ಹೆಚ್ಚಿನ ಊರುಗಳಲ್ಲಿ ಬಾಗಿಲು ಹಾಕಿಯಾಗಿತ್ತು.

ಈ ನಿಯಮವೇ ಆ ಕಾರ್ಯಕ್ರಮಗಳನ್ನು ಕೊಂದಿತು ಅಂತ ಕೆಲವು ಹಳೆಯ ಅಭಿಮಾನಿಗಳು ಇವತ್ತಿಗೂ ಸಿಟ್ಟಾಗುತ್ತಾರೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಆ ತಾಯಂದಿರು ಹೇಳಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ತಪ್ಪಿದ್ದದ್ದು ಜೋಕರ್‌ಗಳಲ್ಲಿ ಅಲ್ಲ, ಅವರಿಗೆ ಸಂಬಳ ಬರುವ ದಾರಿಯಲ್ಲಿ. ಬೇರೆ ದಾರಿ ಇತ್ತು ಅನ್ನುವುದಕ್ಕೆ ಪಿಟ್ಸ್‌ಬರ್ಗ್ ಸಾಕ್ಷಿ. ಅಲ್ಲಿ ಡಬ್ಲ್ಯುಕ್ಯುಇಡಿ ಅನ್ನುವ ಜಾಹೀರಾತಿಲ್ಲದ ಸ್ಟೇಷನ್ 1954ರಲ್ಲಿ ಶುರುವಾಯಿತು. ಜೋಸಿ ಕೇರಿ ಅನ್ನುವ ಹುಡುಗಿ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದರು. ಸೆಟ್ ಹಿಂದೆ ಅಡಗಿ ಗೊಂಬೆ ಆಡಿಸುತ್ತಿದ್ದ ಯುವಕ ಓಡಾಡುವಾಗ ಸದ್ದಾಗದಿರಲಿ ಅಂತ ಕ್ಯಾನ್ವಾಸ್ ಶೂ ಹಾಕುತ್ತಿದ್ದ. ಸ್ಟೇಷನ್ ಶುರುವಾಗುವ ಹಿಂದಿನ ರಾತ್ರಿ ಅದರ ಮ್ಯಾನೇಜರ್ ಡೊರೊಥಿ ಡೇನಿಯಲ್ ಅವನಿಗೊಂದು ಹುಲಿ ಗೊಂಬೆ ಕೊಟ್ಟಿದ್ದರು. ಅವರ ಹೆಸರೇ ಆ ಹುಲಿಗೆ ಬಂತು, ಡೇನಿಯಲ್. ಆ ಯುವಕ ಫ್ರೆಡ್ ರೋಜರ್ಸ್. 1968ರಿಂದ ಇಡೀ ದೇಶದ ಮಕ್ಕಳು ಅವರನ್ನು ನೋಡಿದರು, ಅದೇ ಶೂನಲ್ಲಿ, ಅದೇ ಹುಲಿಯ ಜೊತೆ. ಅವರು ಮಕ್ಕಳಿಗೆ ಏನನ್ನೂ ಮಾರಲಿಲ್ಲ. ಊರಿನ ಟಿವಿ ಮಾಮನ ಗುಣ ಎಲ್ಲವೂ ಅವರಲ್ಲಿ ಉಳಿದಿತ್ತು, ನಿಧಾನವಾಗಿ, ಒಂದೇ ಮಗುವಿಗೆ ಹೇಳುವ ಹಾಗೆ ಮಾತಾಡುವುದು.

ಕೊನೆಗೆ ಒಂದು ಮಾತು. ಇವುಗಳನ್ನು ಈಗ ನೋಡೋಣ ಅಂದರೆ ಸಿಗುವುದು ಬಹಳ ಕಡಿಮೆ. ಲೈವ್ ಅಂದರೆ ಗಾಳಿಗೆ ಹೋದದ್ದು. 1956ರಲ್ಲಿ ಆ್ಯಂಪೆಕ್ಸ್ ಕಂಪನಿ ವಿಡಿಯೋ ಟೇಪ್ ಮೆಷಿನ್ ತಂದಮೇಲೂ ಟೇಪು ದುಬಾರಿ. ಎರಡು ಇಂಚು ಅಗಲದ ಆ ಸುರುಳಿಗಳನ್ನು ಅಳಿಸಿ ಅಳಿಸಿ ಮತ್ತೆ ಬಳಸುತ್ತಿದ್ದರು, ಮಕ್ಕಳ ಜೋಕರ್‌ನನ್ನು ಉಳಿಸಿಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಇಪ್ಪತ್ತು ಮೂವತ್ತು ವರ್ಷ ದಿನವೂ ನಡೆದ ಕಾರ್ಯಕ್ರಮಗಳಲ್ಲಿ ಕೆಲವೇ ಗಂಟೆ ಉಳಿದಿರುವುದು ಸಾಮಾನ್ಯ. ಉಳಿದದ್ದೆಲ್ಲ ನಿಮ್ಮ ಪಕ್ಕದ ಮನೆಯವರಂಥವರ ತಲೆಯಲ್ಲಿದೆ. ಅವರಿಗೂ ವಯಸ್ಸಾಗುತ್ತಿದೆ. ಜೆ.ಪಿ. ಆಗಿದ್ದ ಕ್ರಿಸ್ ವೀಡಸ್ 2012ರಲ್ಲೇ ತೀರಿಕೊಂಡರು. ನೀವು ಅಲ್ಲಿರುವಷ್ಟು ದಿನದಲ್ಲಿ ಒಂದು ಸಂಜೆ ಆ ಪಕ್ಕದ ಮನೆಯವರನ್ನು ಕಾಫಿಗೆ ಕರೆಯಿರಿ, ಒಪ್ಪಿದರೆ ಮಗನಿಗೆ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಸಿ. ಜೆ.ಪಿ. ನಿಮ್ಮ ಹೆಸರು ಕರೆದಿದ್ದರಾ, ಉಡುಗೊರೆ ಮನೆಯಲ್ಲಿ ಎಲ್ಲಿ ಸಿಕ್ಕಿತು ಅಂತ ಕೇಳಿ ನೋಡಿ.